ಚಕ್ಕುಲಿ ಡಬ್ಬಿಯ ಸಿಡಿ

ರಾಯಬಾಗ, 12-7-2010

ಅತ್ತಿಗೆಗೆ ಶಾಂತಲೆಯ ನಮಸ್ಕಾರ.

ನೀವು ಚಕ್ಕುಲಿ ತುಂಬಿಕೊಟ್ಟ ಸ್ಟೀಲ್ ಡಬ್ಬಿ ಖಾಲಿಯಾದ ಮೇಲೆ ಅದರಲ್ಲೇ ನನ್ನ ರಿಪೇರಿ ಕೆಲಸದ ಸಿಡಿ ಇಟ್ಟುಕೊಂಡಿದ್ದೆ. ಹಳೆಯ ಕಂಪ್ಯೂಟರಿನಲ್ಲೂ ಓಡುವ ಪುಕ್ಕಟೆ ಲಿನಕ್ಸ್ ತಂತ್ರಾಂಶ ಇದ್ದದ್ದು ಆ ಒಂದೇ ಸಿಡಿಯಲ್ಲಿ. ಸದಲಗಾದ ಹಾಲಿನ ಡೇರಿಯಲ್ಲಿ ನಾಲ್ಕು ವರ್ಷ ಬಟ್ಟೆ ಹೊದ್ದು ಮಲಗಿದ್ದ ಕಂಪ್ಯೂಟರ್ ಅದರಿಂದ ಎದ್ದು ಕೂತಿತು. ಇದನ್ನು ಯಾರು ಬೇಕಾದರೂ ಹಂಚಬಹುದು ಎಂದು ಹೇಳಿ, ಡೇರಿಯ ಸಕ್ಕುಬಾಯಿಗೆ ಡಬ್ಬಿ ಸಮೇತ ಒಂದು ದಿನದ ಮಟ್ಟಿಗೆ ಕೊಟ್ಟೆ. ಮರುದಿನ ಡಬ್ಬಿ ತುಂಬ ಶೇಂಗಾ ಚಟ್ನಿ ಬಂತು.

"ಡಬ್ಬಿ ಖಾಲಿ ಹೊಳ್ಳಿ ಕೊಡಬಾರದ್ರಿ ಬಾಯಾರ" ಎಂದರು ಸಕ್ಕುಬಾಯಿ.

"ಸಿಡಿ?"

"ಅದು ಚಿಂಚಲಿಗೆ ಹೋಗೈತ್ರಿ. ಹಂಚ್ರಿ ಅಂದಾವ್ರು ನೀವಽ ಅಲ್ಲೇನ್ರಿ?"

ಇವತ್ತು ಇಲ್ಲಿನ ಹೆಣ್ಣುಮಕ್ಕಳ ಶಾಲೆಯ ಆರು ಕಂಪ್ಯೂಟರು ಸರಿಮಾಡಬೇಕಿತ್ತು. ಚಟ್ನಿ ಹಿಡಿದುಕೊಂಡು ಹೋದೆ. ಆರೂ ಓಡುತ್ತಿದ್ದವು. ಸಿಡಿ ಶನಿವಾರವೇ ಬಂದು ಹೋಗಿದೆಯಂತೆ, ಈಗ ಅಥಣಿಯಲ್ಲಿದೆಯಂತೆ. ಟೀಚರುಗಳ ಜೊತೆ ರೊಟ್ಟಿ, ಚಟ್ನಿ ತಿಂದೆ.

ಹೊಟ್ಟೆ ಇಲ್ಲಿನ ಖಾರಕ್ಕೆ ಒಗ್ಗಿದೆ, ಚಿಂತೆ ಬೇಡ. ನನಗೆ ಇಲ್ಲಿ ಕೆಲಸ ಉಳಿದಿಲ್ಲ, ಗುರುವಾರ ಬರುತ್ತೇನೆ. ನಿಮ್ಮ ಡಬ್ಬಿ ತೊಳೆದು ಕಿಟಕಿಯಲ್ಲಿ ಒಣಗಲು ಇಟ್ಟಿದ್ದೆ. ಯಾರೋ ಬೆಲ್ಲ ತುಂಬಿದ್ದಾರೆ.

ಶಾಂತಲಾ