ಬಲಗಡೆಯ ಅಳತೆ

ನವೆಂಬರ್ ೧೯, ಮಂಗಳವಾರ

ನಮ್ಮ ಲೆಸ್ವೋಸ್ ದ್ವೀಪದ ಆಲಿವ್ ಬೆಳೆಗಾರರ ಸಂಘದವರು ಕೇಳಿದ ಗ್ರಾಫ್ ಇಡೀ ದಿನ ತಲೆ ತಿಂದಿತು. ಆಲಿವ್ ಕಾಯಿ ಚೀಲದಲ್ಲಿ ಕಾದ ದಿನಗಳು, ಅದರ ಎಣ್ಣೆಯ ಆಮ್ಲ (ಏರಿದಷ್ಟೂ ಎಣ್ಣೆ ಕೆಟ್ಟಂತೆ), ಎರಡನ್ನೂ ಕಂಪ್ಯೂಟರಿನಲ್ಲಿ ಒಂದೇ ಅಳತೆಯ ಮೇಲೆ ಕೂರಿಸಿದ್ದೆ. ದಿನಗಳ ಗೆರೆ ಒಂಬತ್ತರವರೆಗೆ ಏರಿತು. ಆಮ್ಲದ್ದು ಒಂದರ ಆಸುಪಾಸಿನಲ್ಲೇ ನೆಲಕ್ಕೆ ಅಂಟಿತ್ತು.

“ನೋಡಮ್ಮ, ಅದು ಮಲಗೇ ಇದೆ. ಕಾದ್ರೆ ಏನೂ ಆಗಲ್ಲ,” ಎಂದರು ಮಾವ ಪ್ರೊಕೋಪಿಸ್. ಅವರ ತಮ್ಮ ಇಗ್ನಾತಿಸನ ಕಾಯಿ ಬರುವವರೆಗೆ ನಮ್ಮ ಚೀಲಗಳು ಪ್ರತಿ ವರ್ಷ ಅಂಗಳದಲ್ಲೇ ಬೇಯುತ್ತವೆ. ಮನೆತನದ ಎಣ್ಣೆ ಗಾಣದಿಂದ ಒಟ್ಟಿಗೇ ಇಳಿಯಬೇಕಂತೆ.

ಆಮ್ಲಕ್ಕೆ ಗ್ರಾಫಿನ ಬಲಗಡೆ ಬೇರೆ ಅಳತೆ ಕೊಟ್ಟೆ. ಎರಡು ಗೆರೆಗಳೂ ಜೊತೆಯಾಗಿ ಗುಡ್ಡ ಹತ್ತಿದವು.

“ಈಗ ನೀನೇ ಎತ್ತಿ ನಿಲ್ಲಿಸಿದೀಯ.”

ಅದೂ ಸುಳ್ಳಲ್ಲ. ಆ ಅಳತೆ ಹಿಗ್ಗಿಸಿದಷ್ಟೂ ಹಿಗ್ಗುತ್ತದೆ. ಅದಕ್ಕೇ ಸಿಟ್ಟು ಬಂತು. “ಗ್ರಾಫ್ ಬಿಡಿ ಮಾವ, ರುಚಿ ನೋಡಿ,” ಎಂದೆ.

ಊಟಕ್ಕೆ ಕೂತಾಗ, ಹೋದ ವಾರ ಹಾಗೇ ಕಾದು ತೆಗೆಸಿದ ಮೊದಲ ಕಂತಿನ ಎಣ್ಣೆಯಲ್ಲಿ ಬ್ರೆಡ್ ಅದ್ದಿ ತಿಂದರು. ಒಳ್ಳೆಯ ಹೊಸ ಎಣ್ಣೆ ಗಂಟಲು ಸುಟ್ಟು ಕೆಮ್ಮಿಸಬೇಕು. ಮಾವ ಕೆಮ್ಮಿಗಾಗಿ ಕಾದರು. ಬರಲಿಲ್ಲ. ಇನ್ನೊಂದು ತುಂಡು ಅದ್ದಿದರು.

ಆಮೇಲೆ ನನ್ನ ಕಡೆ ನೋಡದೆ ಫೋನ್ ಎತ್ತಿಕೊಂಡರು. “ಇಗ್ನಾತಿಸ್, ಉಳಿದ ಚೀಲ ನಾಳೆ ಬೆಳಗ್ಗೇನೇ ಗಾಣಕ್ಕೆ ಹಾಕ್ತೀನಿ. ನಿನಗೋಸ್ಕರ ಕಾಯಲ್ಲ ಕಣೋ.”