ಕಲ್ಲಿನಿಂದ ನೀರಿಗೆ ಎಷ್ಟು ಹೆಜ್ಜೆ

ಮಾದಲಕಟ್ಟೆ ತೇಲುಕೇರಿ
ಫೆಬ್ರವರಿ ೩೦, ೨೧೮೧

ಮಾದಲಕಟ್ಟೆ ಕೆರೆ ಕೂಟದ ಹಿರಿಯರಿಗೆ, ನಿಮಗಿಂತ ನೂರೈವತ್ತು ವರ್ಷ ಕಿರಿಯಳಾದ ಫಕೀರವ್ವನ ನಮಸ್ಕಾರಗಳು.

ತಾರೀಖು ನೋಡಿ ನಗಬೇಡಿ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಉಳಿದ ಐದು ದಿನ ಯಾವ ತಿಂಗಳಿಗೂ ಸೇರದ ರಜೆ. ನಿಮ್ಮ ಕಾಲದ ಕನ್ನಡವನ್ನು ನಾನು ಹಳೆಯ ದಾಖಲೆಗಳನ್ನು ಓದಿ ಕಲಿತವಳು. ನಡುವೆ ವಿಚಿತ್ರ ಮಾತು ನುಸುಳಿದರೆ ಹೊಟ್ಟೆಗೆ ಹಾಕಿಕೊಳ್ಳಿ. ಇಲ್ಲಿ ಎಲ್ಲರೂ ಕ್ಷೇಮ. ಕೆರೆ ತುಂಬಿದೆ. ಹನ್ನೆರಡು ತಿಂಗಳೂ ತುಂಬಿಯೇ ಇರುತ್ತದೆ, ನನ್ನ ಸಂಕಟವೂ ಅದೇ.

ತೇಲುಕೇರಿ ಎಂದರೆ ಕೆರೆಯ ನೀರಿನ ಮೇಲೆಯೇ ಕಟ್ಟಿದ ನಮ್ಮ ಓಣಿ. ಮನೆಗಳನ್ನು ಏರಿಗೆ ಹಗ್ಗ ಹಾಕಿ ಕಟ್ಟಿರುತ್ತೇವೆ. ಮುಂಜಾನೆ ನಾನು ರೊಟ್ಟಿ ತಟ್ಟುವಾಗ ಪಕ್ಕದ ಮನೆಯವರ ದೋಣಿ ನನ್ನ ಗೋಡೆಗೆ ಬಡಿಯುತ್ತದೆ, ಬೈದರೂ ಕೇಳುವುದಿಲ್ಲ. ಏರಿಯ ಕಲ್ಲುಗಳ ಮೇಲೆ ಉದ್ದಕ್ಕೂ ಒಂದು ಕೆಂಪು ಗೆರೆ ಎಳೆದಿದ್ದಾರೆ. ಅದಕ್ಕೆ ತುಂಬುಗೆರೆ ಎನ್ನುತ್ತಾರೆ. ನೀರು ಆ ಗೆರೆಯಿಂದ ನಾಲ್ಕು ಬೆರಳು ಇಳಿದರೆ ಗಂಟೆ ಹೊಡೆದುಕೊಂಡು ನದಿಯಿಂದ ಪೈಪಿನಲ್ಲಿ ನೀರು ಬರುತ್ತದೆ. ಮೂರು ಪಟ್ಟಣಗಳು ಈ ನೀರನ್ನೇ ಕುಡಿಯುತ್ತವೆ. ಹೀಗಾಗಿ ನೀರು ಹೊರಬಿಡುವ ತೂಬಿಗೆ ಸಿಮೆಂಟು ತುಂಬಿ ಎಂಬತ್ತು ವರ್ಷವಾಯಿತು. ನೋಡಲು ಚಂದವಾಗಿಯೇ ಇದೆ, ಇಲ್ಲವೆನ್ನುವುದಿಲ್ಲ. ದೂರದೂರದಿಂದ ಜನ ಬಂದು ಆ ನೀಲಿಯನ್ನು ನೋಡಿ ಹೋಗುತ್ತಾರೆ.

ನಾನು ಶಾಲೆಯಲ್ಲಿ ಕೆಸರುಪಾಲಕಿ. ಓಣಿಯ ಮಕ್ಕಳ ಬಾಯಲ್ಲಿ ಕೆಸರವ್ವ. ಕೆರೆದಂಡೆಯ ಕೆಸರು ಹೇಗಿತ್ತೆಂದು ಮಕ್ಕಳು ಮುಟ್ಟಿ ತಿಳಿಯಲೆಂದು ನಮ್ಮಲ್ಲಿ ಒಂದು ಕೆಸರುಕೋಣೆ ಇದೆ. ಅಲ್ಲಿರುವುದು ಒಂದೇ ಮಣ್ಣಿನ ಹರವಿಯಷ್ಟು ಕೆಸರು, ನನ್ನ ಅಜ್ಜಿಯ ಅಜ್ಜಿ ಸಾವಕ್ಕ ತುಂಬಿಟ್ಟದ್ದು. ಅದನ್ನು ಅಗಲವಾದ ತಟ್ಟೆಯಲ್ಲಿ ಹರಡಿ, ದಿನಕ್ಕೆರಡು ಸಲ ನೀರು ಚಿಮುಕಿಸಿ, ಒಣಗದಂತೆ ನೋಡಿಕೊಳ್ಳುವುದು ನನ್ನ ಕೆಲಸ. ಮೊನ್ನೆ ಒಂದು ಹುಡುಗಿ ಬೆರಳು ಅದ್ದಿ, ಮೂಸಿ, ಮುಖ ಕಿವುಚಿ, "ಫಕೀರವ್ವಾರ, ಇದು ಹೊಲಸಲ್ರೀ?" ಎಂದಳು. ನಾನು ನಕ್ಕೆ. ಅವಳು ಹೋದ ಮೇಲೆ ಕೈಯನ್ನು ಮಣಿಕಟ್ಟಿನವರೆಗೂ ಹುದುಗಿಸಿ ಕುಳಿತೆ. ನಿಮ್ಮ ಕಾಲಿಗೆ ಮೆತ್ತಿಕೊಳ್ಳುವ, ನೀವು ಬೈದು ತೊಳೆದುಕೊಳ್ಳುವ ಆ ಕೆಸರಿನ ಮೇಲೆ ನನಗೆ ಹೊಟ್ಟೆಕಿಚ್ಚು.

ಹರವಿಯ ಜೊತೆ ಸಾವಕ್ಕನ ಕೈಯಿಂದ ನನಗೆ ಬಂದದ್ದು ಒಂದು ವಹಿ, ಲೆಕ್ಕದ ಪುಸ್ತಕ. ಅದು ಏನೆಂದು ನಿಮಗೆ ಗೊತ್ತೇ ಇದೆ. ಪಂಚಾಯಿತಿ, ಅರಣ್ಯ ಇಲಾಖೆ, ಶಾಲೆ ಮೂರೂ ಸೇರಿ ನಡೆಸುವ ನಿಮ್ಮ ಕೂಟ ಇಬ್ಬರಿಗೆ ಪಗಾರ ಕೊಡುತ್ತದೆ: ಕೆರೆದಂಡೆಯಲ್ಲೇ ಪಾಠ ಮಾಡುವ ಹುಲಿಗೆಪ್ಪ ಮಾಸ್ತರರು, ತೂಬು ತೆಗೆದು ಮುಚ್ಚುವ ನೀರಗಂಟಿ ಮೌಲಾಸಾಬರು. ದೀಪಾವಳಿ ಕಳೆದ ಮೇಲೆ ಮೌಲಾಸಾಬರು ತೂಬನ್ನು ಇಷ್ಟಿಷ್ಟೇ ತೆಗೆದು ಕೆಳಗಿನ ಹೊಲಗಳಿಗೆ ನೀರು ಬಿಡುತ್ತಾರೆ. ಮಾಸ್ತರರು ಮಕ್ಕಳನ್ನು ಏರಿಯ ಎದುರು ದಂಡೆಯ ಎಣಿಕೆಕಲ್ಲಿನಿಂದ ನೀರಿನವರೆಗೆ ನಡೆಸಿ ಹೆಜ್ಜೆ ಎಣಿಸುತ್ತಾರೆ. ಒಂಬತ್ತು ವರ್ಷದ ಎಣಿಕೆ ವಹಿಯಲ್ಲಿದೆ. ಒಂಬತ್ತನೆಯ ವರ್ಷದ್ದು ನೋಡಿ: ದೀಪಾವಳಿಯ ಮರುವಾರ ಮೂವತ್ತೊಂದು ಹೆಜ್ಜೆ. ಎಳ್ಳಮಾವಾಸ್ಯೆಗೆ ನೂರ ಹನ್ನೆರಡು, ಕೆಸರಿಗೆ ಕೊಕ್ಕು ಚುಚ್ಚುವ ಗೊರವ ಹಕ್ಕಿಗಳು ಬಂದವು. ಶಿವರಾತ್ರಿಗೆ ಇನ್ನೂರು ದಾಟಿತು, ತೆಳುನೀರಿನಲ್ಲಿ ಬಣ್ಣದ ಕೊಕ್ಕರೆಗಳು ನಿಂತವು, ಎಣಿಸಲು ಆಗಲಿಲ್ಲ. ನೀರು ಇಳಿದರೇನೇ ಹಕ್ಕಿ ಇಳಿಯುತ್ತದೆ ಎನ್ನುವುದನ್ನು ಆ ಮಕ್ಕಳು ಕಾಲಿನಿಂದಲೇ ಕಲಿತಿದ್ದರು.

ಬರುವ ಸೋಮವಾರ ನೀವು ಸಭೆ ಸೇರುತ್ತೀರಿ. ನಡಾವಳಿ ನನ್ನ ಮುಂದಿದೆ. ಈ ವರ್ಷ ಮಳೆ ಚೆನ್ನಾಗಿ ಆಗಿದೆ. ನಿಮ್ಮಲ್ಲೊಬ್ಬರು, ಹೆಸರು ಬೇಡ, ಹೀಗೆನ್ನುತ್ತಾರೆ: "ಕೆರಿ ತುಂಬಿ ತುಳಕಾಕತ್ತೇತಿ. ಇನ್ನೇನ ಕಾಯೂದೈತ್ರಿ? ಈ ವರ್ಷ ಇಬ್ಬರ ಪಗಾರ ಬಿಡೂಣು, ಮುಂದಿನ ವರ್ಷ ನೋಡೂಣು." ಎಲ್ಲರೂ ತಲೆಯಾಡಿಸುತ್ತೀರಿ. ಅವರು ಕೆಟ್ಟವರಲ್ಲ. ತುಂಬಿದ ಕೆರೆಯ ಮುಂದೆ ಕುಳಿತಿದ್ದರೆ ನಾನೂ ತಲೆಯಾಡಿಸುತ್ತಿದ್ದೆ.

ಮುಂದೆ ಆದದ್ದನ್ನು ಹೇಳುತ್ತೇನೆ, ಕೇಳಿ. ಮೌಲಾಸಾಬರು ತೂಬಿನ ಕೀಲಿಯನ್ನು ಕಚೇರಿಯಲ್ಲಿ ಕೊಟ್ಟು, "ಹಬ್ಬ ಆದಮ್ಯಾಲೆ ಒಂದೀಟ ಒಂದೀಟ ತಗೀರಿ" ಎಂದು ಹೇಳಿಯೇ ಹೋದರು. ಯಾರು ತೆಗೆಯುತ್ತಾರೆ? ಊರಿನ ಹೆಂಗಸರು ಹಸಿರು ಸೀರೆ, ಬಳೆ ಇಟ್ಟು ಕೆರೆಗೆ ಉಡಿ ತುಂಬಿ ಬಂದಿದ್ದರು. ಅಂಥ ಕೆರೆಯ ನೀರನ್ನು ಹೊರಗೆ ಬಿಡಲು ಯಾರಿಗೂ ಮನಸ್ಸಾಗಲಿಲ್ಲ. ಪ್ರೀತಿ ಇದ್ದವರೇ ಕಾವಲು ನಿಂತರು. ಬೇಸಿಗೆಯಲ್ಲಿ ನೀರು ಆರೀತೆಂಬ ಭಯಕ್ಕೆ ನದಿಯಿಂದ ಪೈಪು ತಂದರು. ಹಕ್ಕಿಗಳು ಬರಲಿಲ್ಲ. ಮರುವರ್ಷ ಮಾಸ್ತರರ ಪಗಾರದ ಮಾತು ಬಂದಾಗ, ಹಕ್ಕಿಯೇ ಇಲ್ಲದ ಕೆರೆಗೆ ಪಾಠವೇಕೆ ಎಂದು ಕೇಳಿದರು. ಅಲ್ಲಿಗೆ ಕೂಟವೂ ಮುಗಿಯಿತು.

ಹತ್ತನೆಯ ವರ್ಷದ ಹಾಳೆ ಸಾವಕ್ಕನ ಕೈಬರಹದಲ್ಲಿದೆ. ಮೂವತ್ತು ಹೆಜ್ಜೆ, ಮಾಸ್ತರರು ಬಂದಿಲ್ಲ, ನಾವೇ ಎಣಿಸಿದೆವು. ಮತ್ತೆ ಮೂವತ್ತು. ಪೈಪು ಬಂದ ಮೇಲೆ ಹನ್ನೊಂದು. ನಾಲ್ಕೇ ಹೆಜ್ಜೆ ಉಳಿದ ದಿನ ಅವಳು ಮನೆಯಿಂದ ಹರವಿ ಹೊತ್ತು ತಂದು ಕೆಸರು ತುಂಬಿಕೊಂಡಳು. ಕೊನೆಯ ಸಾಲು ಹೀಗಿದೆ: "ಹೆಜ್ಜಿ ಇಲ್ಲ. ನೀರು ಕಲ್ಲಿಗೆ ಬಂದೈತಿ. ಮಾಸ್ತರ ಬಂದಮ್ಯಾಲೆ ತೋರಸಬೇಕು." ಮುದುಕಿಯಾಗಿ ಹಾಸಿಗೆ ಹಿಡಿದಾಗಲೂ ಬಾಗಿಲ ಸದ್ದಾದರೆ, "ಮಾಸ್ತರ ಬಂದ್ರೇನು?" ಎಂದು ಕೇಳುತ್ತಿದ್ದಳಂತೆ.

ಕೊಕ್ಕರೆಗಳು ಪೂರ್ತಿ ಮರೆತಿಲ್ಲ. ಶಿವರಾತ್ರಿಯ ಹೊತ್ತಿಗೆ ಒಂದು ಹಿಂಡು ಈಗಲೂ ಬರುತ್ತದೆ. ಕೆರೆಯ ಮೇಲೆ ಮೂರು ನಾಲ್ಕು ಸುತ್ತು ಹಾಕಿ, ಕಾಲೂರಲು ಜಾಗ ಕಾಣದೆ ದಕ್ಷಿಣಕ್ಕೆ ಹೋಗುತ್ತದೆ. ನಾನು ದೋಣಿಯಲ್ಲಿ ನಿಂತು ಕತ್ತು ನೋಯುವವರೆಗೆ ನೋಡುತ್ತೇನೆ. ಇಳಿಯಿರಿ ಎನ್ನಲು ನನ್ನಲ್ಲಿರುವುದು ಒಂದು ತಟ್ಟೆ ಕೆಸರು.

ನನ್ನ ಬೇಡಿಕೆ ದೊಡ್ಡದಲ್ಲ. ಆ ಇಬ್ಬರ ಪಗಾರವನ್ನು ವರ್ಷವರ್ಷವೂ ಕೈಯೆತ್ತುವ ಮಾತಾಗಿ ಇಡಬೇಡಿ. ಕೆರೆಯ ಮೀನು ಹರಾಜಿನಲ್ಲಿ ಮೊದಲ ಪಾಲು ಅದಕ್ಕೇ, ಕೆರೆ ತುಂಬಿದ ವರ್ಷವೂ ಅದಕ್ಕೇ ಎಂದು ಠರಾವು ಬರೆಯಿರಿ. ನೀವು ಹಾಗೆ ಮಾಡಿದರೆ ಈ ಪತ್ರ ಬರೆಯುವ ಫಕೀರವ್ವನೇ ಇರಲಿಕ್ಕಿಲ್ಲ. ಇದ್ದರೆ ಹರವಿಯಲ್ಲಿ ಜೋಳ ತುಂಬಿಟ್ಟುಕೊಂಡು, ಕೆಸರು ತುಳಿದು ಬಂದ ಮಕ್ಕಳನ್ನು ಬೈಯುತ್ತಾ ಕುಳಿತಿರುತ್ತಾಳೆ.

ಸಾವಕ್ಕ ಈಗ ನಿಮ್ಮೂರಿನ ಶಾಲೆಯಲ್ಲಿ ಆರನೆಯ ಇಯತ್ತೆಯಲ್ಲಿದ್ದಾಳೆ. ದೀಪಾವಳಿಯ ಮರುವಾರ ವಹಿ ಹಿಡಿದುಕೊಂಡು ಕಲ್ಲಿನ ಹತ್ತಿರ ನಿಂತಿರುತ್ತಾಳೆ. ಮಾಸ್ತರರನ್ನು ಕಳಿಸಿ.

ನಿಮ್ಮ
ಫಕೀರವ್ವ