ಆಂಪ್ಲಿಫೈಯರಿಗೆ ಟೇಪು ಸುತ್ತುವ ಮುನ್ನ

ಪ್ಯಾಕಿಂಗ್ ಪಂಡಿತರೆ,

ನಾನು ಡ್ಯೂಟಿಗೆ ಹೊರಟೆ. ನಿಮ್ಮ ತಮ್ಮನ ಆಂಪ್ಲಿಫೈಯರ್ ಒಯ್ಯಲು ಕೊರಿಯರ್‌ನವರು ಮಧ್ಯಾಹ್ನ ಬರುತ್ತಾರೆ. ರಿಪೇರಿಯಲ್ಲಿ ನಿಮ್ಮ ಕೈ ಚಿನ್ನ, ಪ್ಯಾಕಿಂಗ್ ಮಾತ್ರ ದೇವರಿಗೇ ಪ್ರೀತಿ.

ಅದರೊಳಗಿನ ಬಲ್ಬಿನಂಥ ಗಾಜಿನ ವಾಲ್ವ್‌ಗಳನ್ನು ಬಿಚ್ಚಿ ಬೇರೆ ಡಬ್ಬಿಯಲ್ಲಿಡಿ. ಹೋದ ಸಲ ಹಾಗೇ ಕಳಿಸಿ ಅವನಿಗೆ ಗಾಜಿನ ಪುಡಿ ತಲುಪಿಸಿದ್ದು ಸಾಕು. ಈ ಸಲವೂ ಒಡೆದರೆ ಅವನು ನಿಮ್ಮ ಜೊತೆ ಮಾತು ಬಿಡುತ್ತಾನೆ, ಫೋನ್ ಮಾಡಿ ನನ್ನ ತಲೆ ತಿನ್ನುತ್ತಾನೆ.

ಒಂದರೊಳಗೊಂದು ಹೋಗುವ ಎರಡು ಪೆಟ್ಟಿಗೆ ಇಟ್ಟಿದ್ದೇನೆ. ನಡುವೆ ಥರ್ಮಾಕೋಲ್ ತುಂಬಿ. ನನ್ನ ದಿಂಬು ಮುಟ್ಟಿದರೆ ನೋಡಿ ಮತ್ತೆ. ಮೇಲೆ 'ಜೋಪಾನ' ಅಂತ ಬರೆದ ಮಾತ್ರಕ್ಕೆ ಲಾರಿಯವರು ಅದನ್ನು ಹಸುಗೂಸಿನ ಹಾಗೆ ಎತ್ತಿಕೊಳ್ಳುವುದಿಲ್ಲ.

ವಿಮೆ ಪೂರ್ತಿ ಬೆಲೆಗೇ ಮಾಡಿಸಿ. ಮುಚ್ಚುವ ಮೊದಲು ಒಳಗಿನದರ ಫೋಟೋ ತೆಗೆಯಿರಿ. ಹೋದ ಸಲ ವಿಮೆಯವರು ಸಾಕ್ಷಿ ಕೇಳಿದರೆ, ಟೇಪು ಸುತ್ತಿದ ಪೆಟ್ಟಿಗೆಯ ಪಕ್ಕ ಹಲ್ಲು ಕಿರಿಯುತ್ತ ನಿಂತ ಫೋಟೋ ಕಳಿಸಿದಿರಿ. ವಾಲ್ವ್‌ಗಳದ್ದು ಗೊತ್ತಿಲ್ಲ, ನೀವಂತೂ ಒಡೆಯದೆ ಇಡಿಯಾಗಿದ್ದಿರಿ ಅನ್ನುವುದು ಅದರಿಂದ ಚೆನ್ನಾಗಿ ರುಜುವಾತಾಯಿತು.

ಇಳಿಸುವುದಕ್ಕೆ ಕೆಳಮನೆ ದರ್ಜಿಯನ್ನು ಕರೆಯಿರಿ, ಒಬ್ಬರೇ ಎತ್ತಿ ಶೌರ್ಯ ತೋರಿಸಬೇಡಿ. ಆಂಪ್ಲಿಫೈಯರಿಗಾದರೂ ವಿಮೆ ಇದೆ. ನಿಮ್ಮ ಸೊಂಟಕ್ಕೆ ಇರುವುದು ನಾನೊಬ್ಬಳೇ.